ನೇರಳೆ ಮರದಲ್ಲಿ ಸಿಕ್ಕಿದ್ದ ವಿಮಾನ

ಹುಣಸೂರು
೧೬ ನವೆಂಬರ್ ೨೦೦೩, ಭಾನುವಾರ

ಪ್ರೀತಿಯ ಶಿವಣ್ಣನಿಗೆ,

ನಿನ್ನ ತಂಗಿ ರಾಧಾಳ ನಮಸ್ಕಾರ. ನಾನು ಆರೋಗ್ಯವಾಗಿದ್ದೇನೆ. ನಿನ್ನ ಭುಜದ ನೋವು ಹೇಗಿದೆ? ಮೂರು ಚಕ್ರದ ಗಾಡಿಯ ಹ್ಯಾಂಡಲ್ ಬಿಗಿಯಾಗಿದೆ ಅಂದಿದ್ದೆ, ಎಣ್ಣೆ ಬಿಡಿಸಿದೆಯೋ ಇಲ್ಲವೋ?

ಎರಡು ವಾರದಿಂದ ನಿನ್ನನ್ನು ನೋಡಲು ಬರಲಿಲ್ಲ, ಕ್ಷಮಿಸು. ಕೆಲಸ ಇತ್ತು ಅಂತ ಬರೆಯಬಹುದು, ಆದರೆ ಅದು ಸುಳ್ಳಾಗುತ್ತದೆ. ಹೋದ ಮಂಗಳವಾರ ಪಿರಿಯಾಪಟ್ಟಣಕ್ಕೇ ಬಂದಿದ್ದೆ. ಬಸ್ಸು ನಿನ್ನ ಬೂತಿನ ಎದುರಿಗೇ ನಿಂತಿತು. ಹಳದಿ ಬೋರ್ಡಿನ ಕೆಳಗೆ ನೀನು ಯಾರಿಗೋ ಚಿಲ್ಲರೆ ಕೊಡುತ್ತಿದ್ದೆ. ನಾನು ಬ್ಯಾಗಿನಲ್ಲಿ ಏನೋ ಹುಡುಕುವವಳ ಹಾಗೆ ತಲೆ ತಗ್ಗಿಸಿಕೊಂಡು ಕೂತುಬಿಟ್ಟೆ. ಫೋನ್ ಮಾಡೋಣವೆಂದರೆ ಎಸ್‌ಟಿಡಿ ಬೂತಿನವನಿಗೆ ಗುಟ್ಟಿನ ಮಾತು ಹೇಳುವುದು ಹೇಗೆ? ನಿನ್ನ ಎದುರಿಗೆ ಯಾವಾಗಲೂ ಯಾರಾದರೂ ನಿಂತೇ ಇರುತ್ತಾರೆ. ಅದಕ್ಕೇ ಕಾಗದ.

ಕೆಲಸ ಎಂದಿನಂತೆ ಇದೆ. ಸೋಮವಾರ ಕೆ.ಆರ್. ನಗರ, ಮಧ್ಯೆ ಪಿರಿಯಾಪಟ್ಟಣ, ವಾರದ ಕೊನೆಗೆ ಕೋಟೆ. ನಾನು ಬರೆದ ಕಂಪ್ಯೂಟರ್ ಪ್ರೋಗ್ರಾಂ ಈಗ ಹನ್ನೊಂದು ಹಾಲಿನ ಡೈರಿಗಳಲ್ಲಿ ಓಡುತ್ತಿದೆ. ಬೆಳಗಿನ ಹಾಲು ಅಳೆಯುವ ಹೊತ್ತಿಗೆ ಕರೆಂಟ್ ಹೋದರೆ ಎಲ್ಲರೂ ನನ್ನ ಮುಖ ನೋಡುತ್ತಾರೆ, ನಾನೇ ತೆಗೆದೆನೋ ಎನ್ನುವಂತೆ. ಕೋಟೆ ಹತ್ತಿರದ ಡೈರಿಯಲ್ಲಿ ಚಿಕ್ಕಬೀರಮ್ಮ ಅಂತ ಒಬ್ಬರು ಅಜ್ಜಿ ಹಾಲಿನ ಲೆಕ್ಕದ ಚೀಟಿ ಹಿಡಿದುಕೊಂಡು ಬಂದರು. ಓದಲು ಬರುವುದಿಲ್ಲ, ಮೊಮ್ಮಗಳ ಕೈಲಿ ಓದಿಸಿದ್ದರಂತೆ. "ಅಲ್ಲ ಕಣವ್ವ, ಆಲು ಪೂರ್ತಿ ಅಳ್ಕೊಂಡು ನನ್ ಎಸ್ರು ಯಾಕೆ ಅರ್ಧ ಕೊಟ್ಟಿದ್ದೀಯ?" ಎಂದರು. ಹೆಸರಿಗೆ ನಾನು ಬಿಟ್ಟಿದ್ದ ಜಾಗ ಸಾಲದೆ 'ಚಿಕ್ಕಬೀ' ಅಂತ ಬಂದು ನಿಂತಿತ್ತು. ಅಲ್ಲೇ ಕೂತು ಸರಿಮಾಡಿ ಇನ್ನೊಂದು ಚೀಟಿ ತೆಗೆದುಕೊಟ್ಟೆ. ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದರು.

ಇನ್ನು ನಿನಗೆ ಗೊತ್ತಿಲ್ಲದ ಒಂದು ವಿಷಯ. ನನ್ನ ಕೆಲಸದ ಬ್ಯಾಗಿನಲ್ಲಿ ಫ್ಲಾಪಿ, ಕೇಬಲ್ಲುಗಳ ಅಡಿಯಲ್ಲಿ ಒಂದು ರಟ್ಟಿನ ಡಬ್ಬಿ ಇದೆ. ಅದರಲ್ಲಿ ಹಗುರವಾದ ಬಾಲ್ಸಾ ಮರದ ಹಾಳೆ, ಬ್ಲೇಡು, ಅಂಟು, ರಬ್ಬರಿನ ಎಳೆ ಇವೆ. ನಾಲ್ಕು ವರ್ಷದಿಂದ ಮತ್ತೆ ಆಟದ ವಿಮಾನ ಮಾಡುತ್ತಿದ್ದೇನೆ ಅಣ್ಣ. ಎನ್‌ಸಿಸಿಯಲ್ಲಿ ಕಲಿತು ಬಂದು ನನಗೆ ಹೇಳಿಕೊಟ್ಟೆಯಲ್ಲ, ರೆಕ್ಕೆಗೆ ತೆಳು ಕಾಗದ ಅಂಟಿಸಿ ಮೇಲೆ ನೀರು ಚಿಮುಕಿಸಬೇಕು, ಒಣಗಿದಾಗ ಬಿಗಿಯಾಗುತ್ತದೆ ಅಂತ, ಈಗಲೂ ಹಾಗೇ ಮಾಡುತ್ತೇನೆ. ಭಾನುವಾರ ಬೆಳಿಗ್ಗೆ ಮೈದಾನದಲ್ಲಿ ಯಾರೂ ಇಲ್ಲದಾಗ ಹಾರಿಸುತ್ತೇನೆ. ರಬ್ಬರು ತಿರುಚಿ ಬಿಟ್ಟರೆ ಮುಕ್ಕಾಲು ನಿಮಿಷ ಮೇಲಿರುತ್ತದೆ. ಅಷ್ಟೂ ಹೊತ್ತು ನಾನು ಏನನ್ನೂ ಯೋಚಿಸುವುದಿಲ್ಲ. ಇದನ್ನು ನಿನಗೆ ಹೇಗೆ ಹೇಳಲಿ? ನಡೆಯಲಾಗದವನ ಮುಂದೆ ಅದೇ ಆಟದ ಸುದ್ದಿ ಎತ್ತುವುದು ಹೇಗೆ ಅಂತ ಮುಚ್ಚಿಟ್ಟಿದ್ದೆ.

ಈ ತಿಂಗಳ ಎರಡನೇ ತಾರೀಖು ಅಪ್ಪ ಹೇಳದೆ ಕೇಳದೆ ರೂಮಿಗೆ ಬಂದರು. ಬಿಳಿಕೆರೆಯಿಂದ ಬಸ್ಸಿನಲ್ಲಿ ಅರ್ಧ ಚೀಲ ಅವರೆಕಾಯಿ ಹೊತ್ತು ತಂದಿದ್ದರು. ಮಂಚದ ಮೇಲೆ ಹೊಸ ವಿಮಾನದ ರೆಕ್ಕೆಗಳು ಒಣಗಲು ಹರಡಿದ್ದವು. ಅಪ್ಪ ಚೀಲ ಇಳಿಸದೆ ಅವನ್ನೇ ನೋಡುತ್ತ ನಿಂತರು. ನಿನಗೆ ಗೊತ್ತಿರಬಹುದು, ನೀನು ಬಿದ್ದ ದಿನ ಅಪ್ಪ ಆಸ್ಪತ್ರೆಯಿಂದ ಬಂದವರೇ ನಮ್ಮ ವಿಮಾನಗಳನ್ನೆಲ್ಲ ಒಲೆಗೆ ಹಾಕಿದ್ದರು.

"ಇದ್ಯಾರ್ದವ್ವ?" ಎಂದರು.

ಆಫೀಸಿನದು ಅನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಬಾಯಿಂದ ಬೇರೆಯೇ ಬಂತು. "ನಂದು ಅಪ್ಪ. ಅವತ್ತು ಕೆರೆ ಏರಿ ನೇರಳೆ ಮರದಲ್ಲಿ ಸಿಕ್ಕಿದ್ದೂ ನಂದೇ. ಅಣ್ಣನದಲ್ಲ. ನಾನು ಅಳ್ತಿದ್ದೆ ಅಂತ ಮರ ಹತ್ತಿದ. ನಿಮ್ಮ ಮುಂದೆ ತನ್ನದು ಅಂತ ಒಪ್ಪಿಕೊಂಡ."

ಬೈಯುತ್ತಾರೆ, ಹೊಡೆಯುತ್ತಾರೆ ಅಂದುಕೊಂಡೆ. ಅಪ್ಪ ಚೀಲ ಇಳಿಸಿ ಹೊಸ್ತಿಲ ಮೇಲೆ ಕೂತರು. ನನ್ನ ಕಡೆ ನೋಡದೆ ಹೇಳಿದರು:

"ಬಿದ್ದಿದ್ದ ಮಗೀಗೆ ಒಡ್ದೆ ಕಣವ್ವ ನಾನು. ಎದ್ದೇಳ್ಲಾ, ಆಟ ಕಟ್ಬ್ಯಾಡ ಅಂತ ರಟ್ಟೆ ಇಡ್ದು ಎಳ್ದು ನಿಲ್ಲಿಸ್ದೆ. ಮಡಿಕೆ ಬಿದ್ದಂಗೆ ಬಿದ್ದ. ಡಾಕ್ಟ್ರು ಆಮ್ಯಾಕೆ ಕೇಳುದ್ರು, ಬೆನ್ನಿಗೆ ಪೆಟ್ಟಾದೋನ್ನ ಯಾರ್ರೀ ಎತ್ತಿದ್ದು ಅಂತ. ನಾನು ಬಾಯ್ ಬುಡ್ನಿಲ್ಲ. ಬಿದ್ದಾಗ ಓಯ್ತೋ ಅವ್ನ ಕಾಲು, ನಾನ್ ಎಳ್ದಾಗ ಓಯ್ತೋ? ಅದೊಂದ್ ನಂಗ್ ಗೊತ್ತಾಗ್ನಿಲ್ಲ."

ಅಣ್ಣ, ಹನ್ನೊಂದು ವರ್ಷ ಅಪ್ಪ ನಿನ್ನ ಮೇಲೆ ಕೋಪದಿಂದ ಮಾತು ಬಿಟ್ಟಿದ್ದಾರೆ ಅಂತ ನೀನೂ ತಿಳಿದಿದ್ದೆ, ನಾನೂ ತಿಳಿದಿದ್ದೆ. ನೀನು ಬೂತು ಸಿಕ್ಕಿದ್ದೇ ಮನೆ ಬಿಟ್ಟು ಹೋದದ್ದೂ ಅದಕ್ಕೇ ಅಲ್ಲವೆ? ಅದು ಕೋಪವಲ್ಲ. ನಿನ್ನ ಮುಖ ನೋಡುವ ಧೈರ್ಯ ಅವರಿಗಿರಲಿಲ್ಲ.

ಅವತ್ತು ಅಪ್ಪ ಊಟ ಮಾಡದೆ ಹೋದರು. ಹೋದ ಶುಕ್ರವಾರ ಮತ್ತೆ ಬಂದರು, ಕ್ಷೌರ ಮಾಡಿಸಿಕೊಂಡು, ಒಗೆದ ಪಂಚೆ ಉಟ್ಟುಕೊಂಡು. ನೀರು ಕುಡಿದು ಚೊಂಬು ಕೆಳಗಿಟ್ಟು ಕೇಳಿದರು: "ಅವ್ನ ಅಂಗ್ಡೀಲಿ ಜನ ಯಾವೊತ್ತು ಕಮ್ಮಿ ಇರ್ತಾರವ್ವ?"

ಊಟದ ಹೊತ್ತಿನಲ್ಲಿ ಅಂದೆ. ಈ ಗುರುವಾರ ಮಧ್ಯಾಹ್ನ ಬರುತ್ತಾರೆ. ಏನು ಮಾತಾಡುತ್ತಾರೋ ನನಗೆ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಫೋನ್ ಮಾಡುವವರ ಹಾಗೆ ಸುಮ್ಮನೆ ನಿಂತುಬಿಟ್ಟರೂ ನಿಂತಾರು. ನೀನೇ ಮೊದಲು ಕರೆದುಬಿಡು. ಸ್ಟೂಲು ಹಾಕು. ಅವ್ವನಿಗೆ ಇದೆಲ್ಲ ಎಷ್ಟು ಗೊತ್ತೋ ನಾನು ಕೇಳಲಿಲ್ಲ. "ಶಿವನಿಗೆ ಇಷ್ಟ" ಅಂತ ಹುರಿಗಾಳು ಮಾಡುತ್ತಿದ್ದಾಳಂತೆ.

ಚಳಿ ಶುರುವಾಗಿದೆ, ಬೆನ್ನಿಗೆ ಬೆಚ್ಚಗೆ ಹೊದ್ದುಕೋ. ನಿನಗೆ ನೆಮ್ಮದಿ ಸಿಗಲಿ ಅಂತ ದಿನಾ ಬೇಡಿಕೊಳ್ಳುತ್ತೇನೆ. ಚಿಕ್ಕವಳಾದ ನನಗೆ ನಿನ್ನ ಆಶೀರ್ವಾದ ಇರಲಿ.

ನಿನ್ನ ತಂಗಿ,
ರಾಧಾ

ತಾ.ಕ.: ಕಾಗದ ಮಡಿಸಿ ಕವರಿಗೆ ಹಾಕಿದ್ದೆ, ಮತ್ತೆ ತೆಗೆದೆ. ಆವತ್ತು ನೆಲದ ಮೇಲೆ ಬಿದ್ದುಕೊಂಡೇ ನೀನು ಅಪ್ಪನಿಗೆ, "ರಾಧಾ ಬ್ಯಾಡ ಅಂದ್ಲು, ನಾನೇ ಹತ್ತಿದೆ" ಎಂದೆ. ನಾನು ಬೇಡ ಅಂದಿರಲಿಲ್ಲ. ಅದು ನಿನಗೂ ಗೊತ್ತು. ನಿನಗೆ ಗೊತ್ತಿಲ್ಲದ್ದು ಒಂದಿದೆ. ಕೊಂಬೆ ಮುರಿಯುವ ಮೊದಲು ಒಂದು ಸಲ ಲಟಕ್ ಅಂದಿತ್ತು. ಕೆಳಗಿದ್ದ ನನಗೆ ಕೇಳಿಸಿತ್ತು. ಬುಡದ ಹತ್ತಿರ ಬಿಳೀ ಸೀಳು ಕೂಡ ಕಂಡಿತ್ತು. ಇಳಿ ಅಣ್ಣ ಅಂತ ಕೂಗಲು ಬೇಕಾದಷ್ಟು ಹೊತ್ತಿತ್ತು. ನಿನ್ನ ಬೆರಳಿಗೂ ವಿಮಾನಕ್ಕೂ ಒಂದು ಗೇಣು ಉಳಿದಿತ್ತು. ಅದು ಸಿಕ್ಕಿಬಿಡಲಿ ಅಂತ ಸುಮ್ಮನಿದ್ದೆ.

ಇದನ್ನು ಅಪ್ಪನಿಗೆ ಹೇಳಿಲ್ಲ. ಮೊದಲು ನಿನಗೆ. ಗುರುವಾರ ಅವರ ಜೊತೆ ನಾನು ಬರಬೇಕೋ ಬೇಡವೋ, ಒಂದೇ ಮಾತು ಹೇಳು; ಈ ವಾರ ಬುಧವಾರವೇ ಕೋಟೆಯ ಡೈರಿಯಲ್ಲಿರುತ್ತೇನೆ, ಅಲ್ಲಿಗೆ ಫೋನ್ ಮಾಡು. ಬೇಡ ಅಂದರೂ ನನಗೆ ಅರ್ಥವಾಗುತ್ತದೆ.