ಎರಡನೆಯ ಸಲ ಒತ್ತಬೇಡಿರಿ

ಬಳ್ಳಾರಿ, ಫೆಬ್ರವರಿ 28, 2146

ಜೀನ್ಸ್ ಬಟ್ಟೆಗೆ ನೀಲಿ ಹಾಕುವ ಸುಂಕಮ್ಮನವರ ಸನ್ನಿಧಾನಕ್ಕೆ, ಅವರ ಮರಿಮಗ ಗಾದಿಲಿಂಗಪ್ಪನ ವಿಜ್ಞಾಪನೆ.

ಮುತ್ತಜ್ಜಿಯವರೇ,

ಈ ಪತ್ರ ತಲುಪುವ ತಮ್ಮ ಕಾಲದಲ್ಲಿ ತಮಗಿನ್ನೂ ಇಪ್ಪತ್ತೆಂಟು, ಇಲ್ಲಿ ನನಗೆ ಎಪ್ಪತ್ತೆಂಟು. ಈ ಪತ್ರದ ಕೆಲವು ಪದಗಳು ತಮ್ಮ ಕಿವಿಗೆ ಒಗ್ಗದಿದ್ದರೆ ಮನ್ನಿಸಬೇಕು. ನಲವತ್ತು ವರ್ಷ ಊರಿನವರ ಅರ್ಜಿಗಳನ್ನು ನಕಲು ಮಾಡಿದವನು ನಾನು. ನನ್ನ ಕೈಬರಹದ ಒಂದು ಅರ್ಜಿಯೂ ತಪ್ಪಿದೆಯೆಂದು ಹಿಂದಿರುಗಿಲ್ಲ. ಆದರೆ ಮೊಮ್ಮಗಳು ಹುಲಿಗೆಮ್ಮನ ಪರವಾಗಿ ಬರೆದ ಹನ್ನೊಂದೂ ತಿರಸ್ಕೃತವಾಗಿವೆ. ಅರ್ಜಿ ಕೊಡಲು ಈಗ ಉಳಿದಿರುವವರು ತಾವೊಬ್ಬರೇ.

ಬರುವ ಗುರುವಾರ ರೈಲ್ವೆ ಗೇಟಿನ ಬಳಿ ಕೊಡೆಯಡಿ ಕುಳಿತವನಿಂದ ತಾವು ಸಿಮ್ ಕೊಳ್ಳುವಿರಿ. ತಾವು ಬೆರಳೊತ್ತಿದ ಮೇಲೆ ಆತ, "ಅಕ್ಕಾ, ನೀಲಿ ಕುಡ್ದು ನಿನ್ ಬೆರಳು ಸವದೈತಿ, ಮಿಷಿನ್ ತಗಳ್ವಲ್ದು. ಇನ್ನೊಂದ್ಸಲ ಒತ್ತು" ಎನ್ನುವನು. ತಾವು ನಕ್ಕು, "ರೇಷನ್ ಅಂಗಡ್ಯಾಗೂ ಇದೇ ಗೋಳು ನೋಡಪಾ" ಎಂದು ಬೆರಳನ್ನು ಸೆರಗಿಗೆ ಒರೆಸಿ ಮತ್ತೆ ಒತ್ತುವಿರಿ. ಮೊದಲು ಒತ್ತಿದ್ದೇ ಸರಿಯಾಗಿತ್ತು. ಎರಡನೆಯದರಿಂದ ತಮ್ಮ ಹೆಸರಿನಲ್ಲಿ ಇನ್ನೊಂದು ಸಿಮ್ ಹೊರಟು, ತಾವು ಕಂಡರಿಯದವರ ಕೈಸೇರಿ, ಅದರಿಂದ ಬೆದರಿಕೆಯ ಕರೆಗಳು ಹೋಗಲಿವೆ.

ಇದು ನನಗೆ ತಿಳಿದದ್ದು ಜಾಡುಕಚೇರಿಯಿಂದ. ಎಲ್ಲ ಫೋನುಗಳ ಓಡಾಟವನ್ನೂ ಅವುಗಳ ಸುತ್ತಲಿನ ಮಾತನ್ನೂ ಕಾಪಿಡುವ ಇಲಾಖೆ ಅದು. ತಮ್ಮ ದನಿಯನ್ನೂ ಇಟ್ಟುಕೊಂಡಿದ್ದಾರೆ, ನನಗೆ ಕೇಳಿಸಿದರು. ಮೋಸ ಅದರಲ್ಲೇ ಸ್ಪಷ್ಟವಾಗಿದೆ. ಆದರೂ ಬೆರಳು ತಮ್ಮದೇ ಎಂದು ಷರಾ ಬರೆದರು.

ಬೆರಳಿನ ತಪ್ಪು ನಮ್ಮ ಕಾಲದಲ್ಲಿ ವಂಶಕ್ಕೆ ಇಳಿಯುತ್ತದೆ. ಮನೆಯಲ್ಲೊಬ್ಬರು ಕೊರಳಿಗೆ ಕೇಳುಬಿಲ್ಲೆ ಧರಿಸಿ, ಆಡಿದ್ದನ್ನೆಲ್ಲ ಸಾಯುವವರೆಗೆ ಕಚೇರಿಗೆ ಕೇಳಿಸಬೇಕು. ನನ್ನ ತಾಯಿ ಧರಿಸಿದ್ದರು. ಅವರು ನನ್ನನ್ನು ಬೈದದ್ದನ್ನೂ ನಾನು ಕೇಳಿಲ್ಲ. ನೆರೆಯವರು ಹೊಸಿಲಾಚೆ ನಿಂತೇ ಕೈಸನ್ನೆ ಮಾಡಿ ಹೋಗುತ್ತಿದ್ದರು. ಕಳೆದ ತಿಂಗಳು ತಾಯಿ ತೀರಿಕೊಂಡರು. ಬಿಲ್ಲೆ ಮನೆಯ ಅತಿ ಕಿರಿಯರಿಗೆ ದಾಟಬೇಕೆಂಬುದು ನಿಯಮ, ಹೆಚ್ಚು ವರ್ಷ ಕೇಳಬಹುದೆಂದು. ನನ್ನ ಕೊರಳನ್ನು ಒಡ್ಡಿದೆ, ಮುದುಕನೆಂದು ನಿರಾಕರಿಸಿದರು.

ಹುಲಿಗೆಮ್ಮನಿಗೆ ಹತ್ತೊಂಬತ್ತು. ಸೋಮವಾರ ಹಾಕುತ್ತಾರೆ. ಗೆಳತಿಯರ ಮನೆಮನೆಗೂ ಹೋಗಿ ಬಾಕಿ ಉಳಿದ ಜಗಳಗಳನ್ನೆಲ್ಲ ಆಡಿ ಮುಗಿಸುತ್ತಿದ್ದಾಳೆ. "ತಾತಾ, ನೀನೂ ಬೈಯೋದಿದ್ರ ಈಗ್ಲೇ ಬೈದ್ಬಿಡು" ಎಂದು ನಿನ್ನೆ ನಕ್ಕಳು.

ಆದಕಾರಣ, ತಾಯೀ, ಗುರುವಾರ ಆತ ಇನ್ನೊಮ್ಮೆ ಎಂದಾಗ ಕೈಯನ್ನು ಸೆರಗಿನೊಳಗೇ ಇಟ್ಟುಕೊಳ್ಳಿರಿ. ಸಿಮ್ ಸಿಗದಿದ್ದರೂ ಸರಿ, ಎದ್ದು ಬಂದುಬಿಡಿರಿ. ಕಾಲು ಹಿಡಿದು ಬೇಡುತ್ತೇನೆ.

ಅರ್ಜಿಯ ಕೊನೆಯಲ್ಲಿ ಬೆರಳೊತ್ತುವುದು ನಮ್ಮಲ್ಲಿ ಕಡ್ಡಾಯ. ಇದೊಂದಕ್ಕೆ ನಾನು ಒತ್ತಿಲ್ಲ. ಹೆಸರು ಮಾತ್ರ ಬರೆದಿದ್ದೇನೆ.

ಗಾದಿಲಿಂಗಪ್ಪ