ಚಾಲು ಅಂದರೆ ಏನು?

ನಾರಾಯಣಪೇಟೆ
12-8-2024

ಪ್ರೀತಿಯ ಶಂಕರಕ್ಕನಿಗೆ,

ರಜಿನಿಯ ನಮಸ್ಕಾರ. ನಾವಿಲ್ಲಿ ಉಂಡುಟ್ಟು ಚೆನ್ನಾಗಿದ್ದೇವೆ. ಧರೂರಿನಲ್ಲಿ ನೀನು, ಭಾವ, ಶ್ರೀನು ಹಾಗೇ ಇರುವಿರಿ ಎಂದುಕೊಂಡಿದ್ದೇನೆ. ಕಾಗದ ತಡವಾಯಿತು, ಬೈಯಬೇಡ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ನೀನು ಸ್ಪೀಕರ್ ಹಾಕಿ ಓಣಿಗೆಲ್ಲ ಕೇಳಿಸುತ್ತೀ. ಇದು ನಿನಗೊಬ್ಬಳಿಗೇ ಹೇಳುವ ಮಾತು.

ಮಗಳು ನವನೀತಾಗೆ ಆಟಿಸಂ ಎಂದು ಡಾಕ್ಟರು ಹೇಳಿದ ಮೇಲೆ ಇಲ್ಲಿನ ಸೆಂಟರಿಗೆ 'ಓಟಿ' ಮಾಡಿಸಲು ಕರೆದೊಯ್ಯುತ್ತಿರುವುದು ನಿನಗೆ ಗೊತ್ತೇ ಇದೆ. ಮೊದಲ ದಿನ ನಮ್ಮತ್ತೆ ಓಟಿ ಅಂದರೆ ಆಪರೇಷನ್ ಎಂದುಕೊಂಡು ಹುಡುಗಿಗೆ ನೀರೂ ಕುಡಿಸದೆ ಕಳಿಸಿದ್ದರು. ಅಲ್ಲಿ ನೋಡಿದರೆ ಅದು ಆಕ್ಯುಪೇಷನಲ್ ಥೆರಪಿಯಂತೆ, ಕತ್ತರಿಯೂ ಇಲ್ಲ, ಸೂಜಿಯೂ ಇಲ್ಲ. ಉಯ್ಯಾಲೆ ತೂಗುತ್ತಾರೆ, ಅಕ್ಕಿ ಡಬ್ಬಿಯಲ್ಲಿ ಕೈ ಆಡಿಸುತ್ತಾರೆ, ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ಕಲಿಸುತ್ತಾರೆ. "ಆಟ ಆಡ್ಸಾಕ ಅಷ್ಟು ದೂರ ಯಾಕ ಹೋಗಬೇಕು?" ಎಂದು ಅತ್ತೆ ಈಗಲೂ ಗೊಣಗುತ್ತಾರೆ.

ನಮ್ಮ ಯಜಮಾನರು ಮಾತ್ರ ಒಂದೇ ಹಟ ಹಿಡಿದು ಕೂತಿದ್ದರು. "ಆಕಿಗೆ ಮಾತು ತಿಳಿಯಂಗಿಲ್ಲ ಅಂತ ಸೆಂಟರಿನ ಮೇಡಂ ಅಂದ್ರ, ದಸರಾ ಆದಮ್ಯಾಲ ಮಹಬೂಬನಗರದಾಗ ಇಂಥಾ ಮಕ್ಕಳ ಹಾಸ್ಟೆಲಿಗೆ ಬಿಡೋಣು." ನಾನು ಹೋದಾಗಲೆಲ್ಲ ಮೇಡಂ ಬಾಯಿ ನೋಡುತ್ತ ಕೂರುತ್ತಿದ್ದೆ.

ಮೇಡಂ ಹೆಸರು ಸ್ರವಂತಿ. ವರಂಗಲ್ ಕಡೆಯವರು, ಒಳ್ಳೆಯ ಹುಡುಗಿ, ಕನ್ನಡ ಮಾತ್ರ ಒಂದಕ್ಷರ ಬಾರದು. ಉಯ್ಯಾಲೆ ನಿಲ್ಲಿಸಬೇಕಾದಾಗ ತೆಲುಗಿನಲ್ಲಿ "ಚಾಲು ತಲ್ಲೀ" ಅನ್ನುತ್ತಿದ್ದರು, ಸಾಕಮ್ಮಾ ಎಂದು. ನವನೀತಾ ನೆಲ ಒದ್ದು ಇನ್ನೂ ಜೋರಾಗಿ ತೂಗಿಕೊಳ್ಳುತ್ತಿದ್ದಳು. ಚಾಲು ಅಂದಷ್ಟೂ ಜೋರು. ಮೇಡಂ ಮುಖ ಸಣ್ಣದಾಗುತ್ತಿತ್ತು, ನನ್ನ ಜೀವ ಅದಕ್ಕಿಂತ ಸಣ್ಣದು.

ಹೋದ ವಾರ ತಡೆಯಲಾರದೆ "ಸಾಕು, ನಿಲ್ಸವ್ವಾ" ಎಂದುಬಿಟ್ಟೆ. ಹುಡುಗಿ ಕಾಲೂರಿ ನಿಂತಳು! ಆಗ ಹೊಳೆಯಿತು ನೋಡು. ನಮ್ಮ ಮನೆಯಲ್ಲಿ ಚಾಲು ಅಂದರೆ ಶುರು. ಯಜಮಾನರು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು, ಲಾಳಿ ಎಸೆಯುವ ಮೊದಲು ದಿನವೂ "ಹೂಂ, ಚಾಲು" ಅನ್ನುತ್ತಾರಲ್ಲ, ಪಕ್ಕದಲ್ಲಿ ಕೂತು ಅದನ್ನೇ ಕೇಳುತ್ತ ಬೆಳೆದ ಮಗು. ನಾವು ಎರಡೂ ಭಾಷೆ ಅರೆದು ಕುಡಿದವರು, ಯಾರ ಬಾಯಲ್ಲಿ ಬಂತೋ ನೋಡಿ ಅರ್ಥ ಹಿಡಿಯುತ್ತೇವೆ. ಅದಕ್ಕೇ ನನಗೂ ಹೊಳೆದಿರಲಿಲ್ಲ. ಪಾಪ, ಅವಳು ಹೇಳಿದ್ದನ್ನು ಹೇಳಿದಂತೆಯೇ ಮಾಡುತ್ತಿದ್ದಳು. ಮೇಡಂಗೆ ಹೇಳಿದೆ. ಹಣೆ ಬಡಿದುಕೊಂಡು ನಕ್ಕರು, ಆಮೇಲೆ ಅವಳ ಮುಂದೆಯೇ ಕೂತು 'ಸಾಕು' ಅನ್ನುವುದನ್ನು ಕಲಿತರು.

ಮನೆಗೆ ಬಂದು ಹೇಳಿದರೆ ಇವರು ಮಗ್ಗದಿಂದ ತಲೆ ಎತ್ತದೆ, "ಎರಡು ಮಾತು ತಿಳಿದ್ರ ಎಲ್ಲಾ ತಿಳಿದಂಗಾತೇನು?" ಅಂದರು. ಆದರೆ ಅವತ್ತು ಅವರ ಕೈಯಲ್ಲಿ ಎಳೆ ಮೇಲಿಂದ ಮೇಲೆ ತುಂಡಾಯಿತು. ಹಾಸ್ಟೆಲಿನ ಮಾತು ಎತ್ತಲೂ ಇಲ್ಲ, ಬಿಡಲೂ ಇಲ್ಲ. ನನಗೂ ಗೊಂದಲ ಅಕ್ಕಾ. ತಿಳಿಯುತ್ತದೆ ಎಂದಾದರೆ ಹೆಸರು ಹಿಡಿದು ಕರೆದಾಗ ಯಾಕೆ ತಿರುಗುವುದಿಲ್ಲ? ಮೇಡಂ ಅವರನ್ನೇ ಕೇಳಿದೆ. ನೋಡುತ್ತಿಲ್ಲ ಎಂದ ಮಾತ್ರಕ್ಕೆ ಕೇಳುತ್ತಿಲ್ಲ ಎಂದುಕೊಳ್ಳಬೇಡಿ ಎಂದರು. ಸಂತೋಷಪಡಲೋ, ಹೆದರಲೋ? ಅತ್ತೆಯ ಮುಂದೆ ನಗುತ್ತೇನೆ, ಅಡಿಗೆಮನೆಗೆ ಹೋಗಿ ಅಳುತ್ತೇನೆ.

ಭಾವನಿಗೆ ನಮಸ್ಕಾರ, ಶ್ರೀನುಗೆ ಆಶೀರ್ವಾದ ತಿಳಿಸು. ನೀನು ದೊಡ್ಡವಳು, ನವನೀತಾಳ ತಲೆಯ ಮೇಲೆ ನಿನ್ನ ಕೈ ಇರಲಿ.

ನಿನ್ನ ತಂಗಿ
ರಜಿನಿ

ಇನ್ನೊಂದು ಮಾತು: ಯುಗಾದಿಗೆ ಬಂದಾಗ ನೀನು ಇವರಿಗೆ ಹೇಳಿದೆಯಲ್ಲ, "ಹಾಸ್ಟೆಲಿಗೆ ಬಿಟ್ಟು ಬರ್ರಿ, ಅದಕ್ಕೇನು ತಿಳಿತೈತಿ? ನಾಕು ದಿನ ಅತ್ತು ಮರಿತೈತಿ" ಅಂತ. ನನ್ನ ಮೇಲಿನ ಮಮತೆಗೇ ಹೇಳಿದೆ, ಗೊತ್ತು. ನವನೀತಾ ಅಲ್ಲೇ ಆ ಕಡೆ ಮುಖ ಮಾಡಿ ಕೂತಿದ್ದಳು. ಮರುದಿನದಿಂದ ಅವಳು ತನ್ನ ಚಪ್ಪಲಿಗಳನ್ನು ಹಾಸಿಗೆಯ ಕೆಳಗೆ ಬಚ್ಚಿಡುತ್ತಿದ್ದಾಳೆ. ನಾವು ಅದನ್ನೂ ಆಟಿಸಂ ಎಂದುಕೊಂಡು, ದಿನಾ ತೆಗೆದು ಬಾಗಿಲಿಗೆ ತಂದಿಡುತ್ತಿದ್ದೆವು.