ಓದಿ ಡಿಲೀಟ್ ಮಾಡು

ಸೋಮವಾರ, 4-6-2007
ಖಾನಾಪುರ ಬಸ್ಸಿನಲ್ಲಿ ಇವತ್ತೂ ನಿಂತೇ ಬಂದೆ. ರವಿವಾರ ಪೇಟೆಯ ಬಟ್ಟೆ ಅಂಗಡಿ ಮುಟ್ಟುವಷ್ಟರಲ್ಲಿ ತಡ. ಮಾಲಕರ ಗೊಣಗಾಟ. ಬಿಲ್ ಹೊಡೆಯುವ ನಡುವೆ ಸಂಜಯನ ಮೆಸೇಜುಗಳು. ನಮ್ಮ ಲಗ್ನ ನಿಶ್ಚಯವಾದಾಗಿನಿಂದ ಹೀಗೇ. ಕಾಡಿ ಬೇಡಿ ತರಿಸಿಕೊಂಡ ನನ್ನ ಆ ಫೋಟೋದ್ದೇ ಮಾತು. ಕೊನೆಗೆ ಯಾವಾಗಿನಂತೆ — 'ಓದಿ ಡಿಲೀಟ್ ಮಾಡು.' ಮಾಡಿದೆ. ಹೊಸ ಮೊಬೈಲ್ ಕೊಂಡನಂತೆ. ಹಳೆಯದನ್ನು ತನ್ನೂರು ಪೀರನವಾಡಿಯಲ್ಲೇ ಯಾರಿಗೋ ಮಾರಿದನಂತೆ. ಕುಣಿಯುತ್ತಿದ್ದಾನೆ.

ಗುರುವಾರ, 7-6, ಮಧ್ಯಾಹ್ನ
ಜೊತೆಗೆ ಕೆಲಸ ಮಾಡುವ ಶಗುಫ್ತಾ ಗೋದಾಮಿಗೆ ಎಳೆದೊಯ್ದಳು.
'ಮನಿಷಾ, ಸಿಟ್ಟಾಗಬ್ಯಾಡ. ನನ್ನ ತಮ್ಮನ ಮೊಬೈಲಿಗೆ ಬ್ಲೂಟೂತಿನ್ಯಾಗ ಬಂದೈತಿ. ಇದು ನೀನ ಅಲ್ಲೇನ?'
ನಾನೇ. ನಮ್ಮ ಮನೆಯ ಕನ್ನಡಿ. ಬಿಚ್ಚಿದ ಕೂದಲು. ಮೈಮೇಲೆ ಬಟ್ಟೆ ಸಾಲದು. ಸಂಜಯನೊಬ್ಬನಿಗೇ ನಾನು ಕಳಿಸಿದ್ದು... ಹಳೇ ಮೊಬೈಲಿನಲ್ಲಿ ಹಾಗೇ ಬಿಟ್ಟು ಮಾರಿದ್ದಾನೆ! ನನಗೆ ಮಾತ್ರ ಡಿಲೀಟ್ ಮಾಡು, ಡಿಲೀಟ್ ಮಾಡು. ಫೋನ್ ಮಾಡಿದೆ. ಎತ್ತಲಿಲ್ಲ ಹೇಡಿ.

ರವಿವಾರ, 10-6
ನಮ್ಮ ಪಡಸಾಲೆಯಲ್ಲಿ ಹಿರಿಯರ ಬೈಠಕ್. ಲಗ್ನ ಮುರಿಯಲು ಸಂಜಯನನ್ನು ಕರೆದುಕೊಂಡು ಅವನ ಅಪ್ಪ ಬಂಡೆಪ್ಪ ಬಂದಿದ್ದರು. ಸಂಬಂಧ ಕೂಡಿಸಿದ ಗುರುಪಾದಪ್ಪ ಕಾಕಾ, ನನ್ನ ಸೋದರಮಾವ ಹಣಮಪ್ಪ. ಪುರಾವೆ ಎಂದು ಫೋಟೋ ಇದ್ದ ಮೊಬೈಲನ್ನು ಎಲೆಅಡಿಕೆ ತಟ್ಟೆಯಂತೆ ಕೈಯಿಂದ ಕೈಗೆ ದಾಟಿಸಿದರು. ಕಾಕಾ ಕನ್ನಡಕ ಹಾಕಿಕೊಂಡು ನೋಡಿದರು. ಮಾವನೂ ನೋಡಿದ. ಬಂಡೆಪ್ಪ ಎರಡನೇ ಸಲ ನೋಡಿದರು! ಒಳಗಿಂದ ಬಂದು ಕಸಿದುಕೊಂಡೆ.
'ಎಲ್ಲಾರೂ ನೋಡಿದ್ರಲ್ಲ, ಸಾಕಾತಿಲ್ಲೋ? ಈಗ ಸಂಜಯನ್ನ ಕೇಳ್ರಿ, ಕಳಸು ಕಳಸು ಅಂತ ಕಾಡಿದವ್ರು ಯಾರು?'
ಸಂಜಯ ತಲೆ ಎತ್ತಲಿಲ್ಲ. 'ನಾ ಕೇಳಿಲ್ರಿ. ಅಕೀನ ಕಳಿಸ್ಯಾಳ.'
'ಸುಮ್ನ ಒಳಗ ನಡಿ,' ಅಂದಳು ಅವ್ವ, ನನಗೆ.
ನನ್ನ ಹತ್ತಿರ ಪುರಾವೆ ಎಲ್ಲಿದೆ? ಅವನ ಮಾತು ಕೇಳಿ ಎಲ್ಲ ಅಳಿಸಿ ಕೂತ ಮೂರ್ಖಿ ನಾನು. ಲಗ್ನ ಹಾಳಾಗಿ ಹೋಗಲಿ. 'ನಾನೇ ಕೇಳಿದ್ದೆ' — ಇದೊಂದು ಮಾತು ಅವನಿಂದ ಬರಬೇಕು, ಆ ಮೂವರ ಮುಂದೆ.

ರವಿವಾರ, 24-6
ಕೆಲಸವೂ ಹೋಯಿತು. ಗಿರಾಕಿಗಳು ಬಿಲ್ ಬಿಟ್ಟು ನನ್ನ ಮುಖ ನೋಡುತ್ತಾರಂತೆ. ನೋಡುವವರು ಅವರು, ಮನೆಗೆ ಹೋಗಬೇಕಾದವಳು ನಾನು. ಅವ್ವ ಮಾತು ಬಿಟ್ಟಿದ್ದಾಳೆ.

ಅದೇ ದಿನ, ಸಂಜೆ
ಸಂಜಯನ ಮೆಸೇಜು!
'ಸಿಟ್ಟು ಬಿಡು. ಅವತ್ತ ಹಿರೇರ ಮುಂದ ಹೆದರಿ ಸುಳ್ಳ ಹೇಳಿದೆ. ಅಪ್ಪನ್ನ ಒಪ್ಪಸ್ತೀನಿ. ಈ ಮೊಬೈಲಿಗೆ ಪಾಸ್‌ವರ್ಡ್ ಐತಿ, ಚಿಂತಿಲ್ಲ. ಹಿಂದ ಕೇಳಿದ್ನಲ್ಲ, ಅಂಥಾದ್ದ ಇನ್ನೊಂದ ಫೋಟೋ ಕಳಸು. ಓದಿ ಡಿಲೀಟ್ ಮಾಡು.'
ಇನ್ನೊಂದು! ನಾಚಿಕೆಗೆಟ್ಟವನು.
ಮಾಡುವುದಿಲ್ಲ ಡಿಲೀಟ್. ಮೇಲೆ 'ಸಂಜಯ ಈಗ ಕಳಿಸಿದ್ದು' ಎಂದು ಸೇರಿಸಿದೆ. ಫಾರ್ವರ್ಡ್. ಬಂಡೆಪ್ಪನವರಿಗೆ — ಹೋಯಿತು. ಗುರುಪಾದಪ್ಪ ಕಾಕಾನಿಗೆ — ಹೋಯಿತು. ಕನ್ನಡಕ ಹಾಕಿಕೊಂಡು ಇದನ್ನೂ ನೋಡಲಿ. ಇನ್ನು ಮಾವನ ನಂಬರು—